ಬಿಸಿಲು, ಸಿಲಿಕಾನು, ಬೆವರು

ಮೇ ತಿಂಗಳಿನ ನಡುಹಗಲು. ಕೊಳ್ಳೇಗಾಲದಿಂದ ಹನೂರನ್ನು ದಾಟಿ ಮಲೆ ಮಹದೇಶ್ವರ ಬೆಟ್ಟದ ಸಾಲುಗಳತ್ತ ಸಾಗುವ ಸೀಮೆಯಲ್ಲಿ, ತಮಿಳುನಾಡಿನ ಗಡಿಗೆ ಹೆಚ್ಚು ದೂರವಿಲ್ಲದ ಊರು ಮಾರ್ಟಳ್ಳಿ. ಕನ್ನಡವೂ ತಮಿಳೂ ಒಂದೇ ಜಗಲಿಯ ಮೇಲೆ ಕುಳಿತು ಮಾತನಾಡುವ ಈ ಸೀಮೆ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಇಂದು ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿದೆ. ಮುಂಗಾರಿನ ಮೋಡಗಳು ಪಶ್ಚಿಮದ ಬೆಟ್ಟಗಳಲ್ಲಿಯೇ ಬಹುಪಾಲು ಬರಿದಾಗಿಬಿಡುವುದರಿಂದ ಇಲ್ಲಿಯದು ಒಣ ಹವೆ, ಕಲ್ಲುನೆಲ, ನೆರಳಿಗೆ ಹಂಬಲಿಸುವ ಬೇಸಗೆ.

ಬೆಂಗಳೂರಿನಿಂದ ರಜೆಗೆಂದು ಅಜ್ಜಿಯ ಮನೆಗೆ ಬಂದಿರುವ ಹುಡುಗನೊಬ್ಬನನ್ನು ವಾಚಕರು ಇಲ್ಲಿ ಕಲ್ಪಿಸಿಕೊಳ್ಳಬೇಕು. ಅವನು ಜಗಲಿಯ ಕಲ್ಲುಚಪ್ಪಡಿಯ ಮೇಲೆ ಮರೆತಿದ್ದ ಮೊಬೈಲ್ ಫೋನು ಅರ್ಧ ಗಂಟೆಯ ಬಿಸಿಲು ಕುಡಿದು, ತನಗೆ ಕಾವು ಹೆಚ್ಚಾಯಿತೆಂದೂ ತಣಿಯುವವರೆಗೆ ಕೆಲಸ ಮಾಡಲಾರೆನೆಂದೂ ತೆರೆಯ ಮೇಲೆ ಬರೆದು ಸುಮ್ಮನಾಗಿದೆ. ತಾರಸಿಯ ಮೇಲಿನ ಸೌರಫಲಕವನ್ನು ನೋಡಹೋದರೆ, ಸೂರ್ಯನು ನೆತ್ತಿಗೇರಿರುವ ಈ ಗಳಿಗೆಯಲ್ಲಿಯೇ ಅದು ತನ್ನ ಬೆನ್ನ ಮೇಲೆ ಅಚ್ಚಾಗಿರುವಷ್ಟು ವಿದ್ಯುತ್ತನ್ನು ಕೊಡುತ್ತಿಲ್ಲ. ಅಷ್ಟರಲ್ಲಿ ಹೊಲದಿಂದ ಬಂದ ತಾತ ತಲೆ ಸುತ್ತುತ್ತಿದೆಯೆಂದು ಕಂಬಕ್ಕೊರಗಿ ಕುಳಿತುಬಿಡುತ್ತಾರೆ. ಅಜ್ಜಿ ಮಡಕೆಯ ನೀರು ತಂದು ಅವರ ಮುಖಕ್ಕೆ ಚಿಮುಕಿಸುತ್ತ, ಬೆರಗಾಗಿ ನಿಂತ ಮೊಮ್ಮಗನಿಗೆ ಹೇಳುವ ಮಾತು ಒಂದೇ: “ಕಲ್ಲೇ ಕಾಯ್ತದೆ ಕನ ಮಗ, ಇನ್ನ ಮೈ ಯಾವ ಲೆಕ್ಕ?”

ಅಜ್ಜಿಗೆ ತಿಳಿಯದೆಯೇ ಆ ಮಾತಿನಲ್ಲಿ ವಿಜ್ಞಾನದ ಒಂದು ದೊಡ್ಡ ಪ್ರಶ್ನೆ ಅಡಗಿದೆ. ಫೋನಿನ ಒಳಗಿರುವುದೂ ಸೌರಫಲಕದ ಒಳಗಿರುವುದೂ ಒಂದು ಬಗೆಯ ಕಲ್ಲೇ. ಮರಳಿನಲ್ಲಿಯೂ ಬಂಡೆಯಲ್ಲಿಯೂ ತುಂಬಿರುವ ಸಿಲಿಕಾನು ಭೂಮಿಯ ಹೊರಪದರದ ತೂಕದಲ್ಲಿ ಶೇಕಡಾ 28ರಷ್ಟಿದೆ; ಆಮ್ಲಜನಕವೊಂದನ್ನುಳಿದು ಬೇರೆ ಯಾವ ಮೂಲವಸ್ತುವೂ ಅದಕ್ಕಿಂತ ಹೆಚ್ಚಾಗಿಲ್ಲ. ಚಾಮರಾಜನಗರದ ಹೆಸರುವಾಸಿಯಾದ ಕರಿಕಲ್ಲಿನಲ್ಲಿಯೂ ಅದುಂಟು. ಹಾಗಾದರೆ ಕಾದ ಕಲ್ಲಿಗೂ ಕಾದ ಮೈಗೂ ಆಗುವುದೇನು? ಒಂದಕ್ಕೊಂದು ಹೋಲಿಕೆ ಎಲ್ಲಿಯವರೆಗೆ, ಭೇದ ಎಲ್ಲಿಂದ? ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಬೇಸಗೆಯಲ್ಲಿ ಮನೆಯ ಹಿರಿಯರ ಜೀವವು ಕೆಲವೊಮ್ಮೆ ಇದರ ಉತ್ತರವನ್ನು ತಿಳಿದವರು ಹತ್ತಿರವಿರುವುದನ್ನೇ ಅವಲಂಬಿಸಿರುತ್ತದೆ.

ಪಂಕ್ತಿಯಲ್ಲಿ ಕುಳಿತ ವಿದ್ಯುತ್ಕಣಗಳು

ತಾಮ್ರದ ತಂತಿಯನ್ನು ಕಾಯಿಸಿದರೆ ಅದರಲ್ಲಿ ವಿದ್ಯುತ್ತು ಹರಿಯುವುದು ಕಷ್ಟವಾಗುತ್ತದೆ. ಒಂದೊಂದು ಡಿಗ್ರಿಗೂ ಅದರ ತಡೆ ಸುಮಾರು ಶೇಕಡಾ 0.4ರಷ್ಟು ಹೆಚ್ಚುತ್ತ ಹೋಗುತ್ತದೆ. ಎಲ್ಲ ವಸ್ತುಗಳೂ ಹೀಗೆಯೇ ಎಂದು ಭಾವಿಸಿದ್ದ ಕಾಲದಲ್ಲಿ, 1833ರಲ್ಲಿ, ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ ಬೆಳ್ಳಿಯ ಸಲ್ಫೈಡಿನಲ್ಲಿ ಇದಕ್ಕೆ ವಿರುದ್ಧವಾದ ನಡವಳಿಕೆಯನ್ನು ಕಂಡು ಬೆರಗಾದನು. ಕಾಯಿಸಿದಷ್ಟೂ ಅದರಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುತ್ತಿತ್ತು. ಇಂದು ಅರೆವಾಹಕಗಳೆಂದು ಕರೆಯುವ ವಸ್ತುಗಳ ಪರಿಚಯ ಜಗತ್ತಿಗೆ ಆದುದು ಹೀಗೆ, ಶಾಖದ ಮೂಲಕವೇ.

ಕಾರಣವನ್ನು ತಿಳಿಯಲು ಮಹದೇಶ್ವರ ಬೆಟ್ಟದ ಜಾತ್ರೆಯನ್ನು ನೆನೆದರೆ ಸಾಕು. ತಾಮ್ರವೆಂದರೆ ಜಾತ್ರೆಯ ಬಯಲು. ಎಲೆಕ್ಟ್ರಾನುಗಳೆಂಬ ವಿದ್ಯುತ್ಕಣಗಳು ಅಲ್ಲಿ ಸ್ವೇಚ್ಛೆಯಾಗಿ ತಿರುಗಾಡುವ ಜನ. ಶಾಖವೇರಿದಾಗ ಬಯಲಿನ ಕಂಬಗಳೇ ಅಲುಗಾಡತೊಡಗಿ ಓಡಾಟಕ್ಕೆ ಅಡ್ಡಿಯಾಗುತ್ತವೆ. ಸಿಲಿಕಾನಿನದು ಹಾಗಲ್ಲ. ಅದು ದಾಸೋಹದ ಪಂಕ್ತಿ. ಎಲ್ಲರೂ ಎಲೆಯ ಮುಂದೆ ಒತ್ತಾಗಿ ಕುಳಿತಿದ್ದಾರೆ. ತೆರವಾದ ಒಂದು ಸ್ಥಳವೂ ಇಲ್ಲ. ಆದಕಾರಣ ಯಾರೂ ಕದಲುವಂತಿಲ್ಲ. ಮೇಲೆ ಒಂದು ವಿಶಾಲವಾದ ಮಹಡಿಯಿದೆ, ಅದು ಬರಿದಾಗಿದೆ. ಆದರೆ ಮೆಟ್ಟಿಲು ಬಲು ಎತ್ತರ. ಶಾಖದ ನೂಕಿನಿಂದ ಎಲ್ಲೋ ಒಬ್ಬನು ಎದ್ದು ಮಹಡಿಯನ್ನೇರಿದರೆ ಅವನು ಅಲ್ಲಿ ಸ್ವತಂತ್ರನಾಗಿ ಸಂಚರಿಸಬಲ್ಲ. ಅಷ್ಟೇ ಅಲ್ಲ, ಅವನು ತೆರವು ಮಾಡಿದ ಸ್ಥಳಕ್ಕೆ ಪಕ್ಕದವನು ಸರಿಯುತ್ತಾನೆ, ಅವನ ಸ್ಥಳಕ್ಕೆ ಇನ್ನೊಬ್ಬನು. ಹೀಗೆ ಆ ತೆರವೇ ಪಂಕ್ತಿಯುದ್ದಕ್ಕೂ ನಡೆದು ಹೋಗುವಂತೆ ಕಾಣುತ್ತದೆ. ಎದ್ದವನೂ ತೆರವೂ ಎರಡೂ ಸೇರಿ ವಿದ್ಯುತ್ತನ್ನು ಸಾಗಿಸುತ್ತವೆ.

ಸಾಧಾರಣ ಕೋಣೆಯ ಉಷ್ಣತೆಯಲ್ಲಿ ಹೀಗೆ ಎದ್ದು ಹೋಗುವವರು ಎಷ್ಟು ಮಂದಿ? ಶುದ್ಧ ಸಿಲಿಕಾನಿನಲ್ಲಿ ಸುಮಾರು ಐದು ಲಕ್ಷ ಕೋಟಿ ಪರಮಾಣುಗಳಿಗೆ ಒಂದು ವಿದ್ಯುತ್ಕಣ ಮಾತ್ರ. ಇಷ್ಟು ಅತ್ಯಲ್ಪವೆಂದೇ ಅದನ್ನು ಮನುಷ್ಯನು ತನ್ನ ಇಚ್ಛೆಯಂತೆ ಪಳಗಿಸಬಲ್ಲವನಾದನು. ಕೋಟಿಗೊಂದರಂತೆ ರಂಜಕದ ಅಥವಾ ಬೋರಾನಿನ ಪರಮಾಣುವನ್ನು ಬೆರೆಸಿ, ತನಗೆ ಬೇಕಾದ ಕಡೆ ಬೇಕಾದಷ್ಟೇ ವಿದ್ಯುತ್ಕಣಗಳನ್ನೋ ತೆರವುಗಳನ್ನೋ ಅವನು ಇಡುತ್ತಾನೆ. ಟ್ರಾನ್ಸಿಸ್ಟರಿನ ಮಹಿಮೆಯೆಲ್ಲ ಈ ಲೆಕ್ಕಾಚಾರದಲ್ಲಿದೆ. ಆದರೆ ಶಾಖಕ್ಕೆ ಈ ಲೆಕ್ಕದ ಪರಿವೆಯಿಲ್ಲ. ಸುಮಾರು ಹತ್ತು ಡಿಗ್ರಿ ಏರಿದಾಗಲೆಲ್ಲ, ಕರೆಯದೆ ಬರುವ ಈ ಕಣಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ಅರವತ್ತು ಡಿಗ್ರಿ ಏರಿದರೆ ಆರು ಬಾರಿ ಇಮ್ಮಡಿ, ಎಂದರೆ ಅರವತ್ತನಾಲ್ಕು ಪಟ್ಟು. ಕೊನೆಗೊಂದು ಹಂತದಲ್ಲಿ ಕರೆಯದೆ ಬಂದವರೇ ಆಹ್ವಾನಿತರನ್ನು ಮೀರಿ, ಔತಣದ ವ್ಯವಸ್ಥೆಯೇ ಮುರಿದುಬೀಳುತ್ತದೆ.

ಕುದಿಯೆಣ್ಣೆಯಲ್ಲಿ ನಿಂತ ಸಂಗೀತ

1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಮೊದಲ ಟ್ರಾನ್ಸಿಸ್ಟರು ಸಿಲಿಕಾನಿನದಲ್ಲ, ಜರ್ಮೇನಿಯಮಿನದು. ಜರ್ಮೇನಿಯಮಿನ ಮಹಡಿಗೆ ಮೆಟ್ಟಿಲು ಗಿಡ್ಡ. ಸಿಲಿಕಾನಿನ ಮೆಟ್ಟಿಲಿನ ಐದರಲ್ಲಿ ಮೂರು ಪಾಲು ಮಾತ್ರ. ಆದಕಾರಣ ಕೋಣೆಯ ಉಷ್ಣತೆಯಲ್ಲಿಯೇ ಅದರಲ್ಲಿ ಎದ್ದು ತಿರುಗುವ ಕಣಗಳು ಸಿಲಿಕಾನಿನದಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು. ಎಂಬತ್ತು ಡಿಗ್ರಿಯ ಆಸುಪಾಸಿನಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರು ಕೈಚೆಲ್ಲಿಬಿಡುತ್ತಿತ್ತು. ಸಿಲಿಕಾನು ನೂರೈವತ್ತು ಡಿಗ್ರಿಯವರೆಗೂ ತಾಳಬಲ್ಲದೆಂದು ವಿಜ್ಞಾನಿಗಳು ಬಲ್ಲವರಾಗಿದ್ದರೂ, ಅದನ್ನು ಬೇಕಾದಷ್ಟು ಶುದ್ಧಗೊಳಿಸಿ ಹರಳಾಗಿ ಬೆಳೆಸುವುದು ದುಸ್ಸಾಧ್ಯವೆನಿಸಿತ್ತು.

1954ರ ಮೇ ತಿಂಗಳಿನಲ್ಲಿ ಅಮೆರಿಕದ ಡೇಟನ್ ನಗರದಲ್ಲಿ ಇಂಜಿನಿಯರುಗಳ ಸಭೆಯೊಂದು ನೆರೆದಿತ್ತು. ಸಿಲಿಕಾನಿನ ಟ್ರಾನ್ಸಿಸ್ಟರು ಬರಲು ಇನ್ನೂ ಹಲವು ವರ್ಷ ಕಾಯಬೇಕೆಂದು ಒಬ್ಬರಾದ ಮೇಲೊಬ್ಬರು ಭಾಷಣ ಮಾಡಿದರು. ಆ ಬಳಿಕ ಎದ್ದ ಗಾರ್ಡನ್ ಟೀಲ್ ಎಂಬ ವಿಜ್ಞಾನಿ, ಅದು ತನ್ನ ಜೇಬಿನಲ್ಲಿಯೇ ಇದೆಯೆಂದು ಹೇಳಿ ಸಭೆಯನ್ನು ಚಕಿತಗೊಳಿಸಿದನು. ಮೇಜಿನ ಮೇಲೆ ಗ್ರಾಮಫೋನು ತಟ್ಟೆ ಹಾಡುತ್ತಿತ್ತು. ಅದರ ಧ್ವನಿವರ್ಧಕದ ಜರ್ಮೇನಿಯಂ ಟ್ರಾನ್ಸಿಸ್ಟರನ್ನು ಬಿಸಿಯೆಣ್ಣೆಯಲ್ಲಿ ಅದ್ದಿದಾಗ ಹಾಡು ನಿಂತುಹೋಯಿತು. ಸಿಲಿಕಾನಿನದನ್ನು ಜೋಡಿಸಿ ಅದೇ ಎಣ್ಣೆಯಲ್ಲಿ ಅದ್ದಿದಾಗ ಹಾಡು ನಿಲ್ಲಲಿಲ್ಲ. ಜಗತ್ತು ಸಿಲಿಕಾನಿನತ್ತ ತಿರುಗಲು ಇದ್ದ ಕಾರಣಗಳಲ್ಲಿ ಶಾಖಕ್ಕೆ ತಾಳುವ ಈ ಶಕ್ತಿಯೂ ಮುಖ್ಯವಾದುದು.

ಕನ್ನಡನಾಡೂ ಈ ಇತಿಹಾಸದಿಂದ ದೂರ ಉಳಿಯಲಿಲ್ಲ. 1954ರಲ್ಲಿ ಸ್ಥಾಪಿತವಾದ ಬೆಂಗಳೂರು ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1962ರಲ್ಲಿ ಜರ್ಮೇನಿಯಂ ಅರೆವಾಹಕಗಳ ತಯಾರಿಕೆಯನ್ನು ಆರಂಭಿಸಿತು. ಆ ಕಾಲದ ಟ್ರಾನ್ಸಿಸ್ಟರ್ ರೇಡಿಯೋವನ್ನು ಹೊಲದ ಬದುವಿನ ಮೇಲೆ ಬಿಸಿಲಿಗಿಟ್ಟರೆ ಸ್ವರ ಕೆಡುವ ಸಂಭವವಿತ್ತು. ಜರ್ಮೇನಿಯಮಿನ ಸ್ವಭಾವವೇ ಅದು.

ಇದಕ್ಕಿಂತ ಭಯಂಕರವಾದ ಇನ್ನೊಂದು ಸಂಗತಿಯುಂಟು. ಟ್ರಾನ್ಸಿಸ್ಟರು ಬಿಸಿಯಾದರೆ ಕರೆಯದ ಕಣಗಳು ಹೆಚ್ಚಿ ವಿದ್ಯುತ್ ಪ್ರವಾಹ ಏರುತ್ತದೆ. ಪ್ರವಾಹ ಏರಿದರೆ ಅದು ಇನ್ನಷ್ಟು ಬಿಸಿಯಾಗುತ್ತದೆ. ಬಿಸಿಯಾದರೆ ಪ್ರವಾಹ ಮತ್ತೂ ಏರುತ್ತದೆ. ಸಾಲಕ್ಕೆ ಬಡ್ಡಿ, ಬಡ್ಡಿಗೆ ಚಕ್ರಬಡ್ಡಿ ಎಂಬಂತೆ ಕಾವು ಕಾವನ್ನು ಹೆರುತ್ತ, ಹೊರಗಿನಿಂದ ತಡೆಯುವವರಿಲ್ಲದಿದ್ದರೆ ಕ್ಷಣಗಳಲ್ಲಿ ಹರಳು ಸುಟ್ಟುಹೋಗುತ್ತದೆ. ದೊಡ್ಡ ಟ್ರಾನ್ಸಿಸ್ಟರುಗಳ ಬೆನ್ನಿಗೆ ಅಲ್ಯುಮಿನಿಯಂ ರೆಕ್ಕೆಗಳನ್ನು ಅಂಟಿಸುವುದೂ, ಕಂಪ್ಯೂಟರಿನ ಒಳಗೆ ಬೀಸಣಿಗೆ ತಿರುಗುವುದೂ ಈ ಚಕ್ರವನ್ನು ಮುರಿಯಲೆಂದೇ. ಇಂದಿನ ಫೋನು, ಕಂಪ್ಯೂಟರುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾವು ಮಿತಿಮೀರಿದೊಡನೆ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಅದಕ್ಕೂ ಬಗ್ಗದಿದ್ದರೆ ಕೆಲಸ ನಿಲ್ಲಿಸುತ್ತವೆ. ಮಾರ್ಟಳ್ಳಿಯ ಜಗಲಿಯ ಮೇಲೆ ಹುಡುಗನ ಫೋನು ಮಾಡಿದ್ದು ಅದನ್ನೇ. ಅದು ಕೆಟ್ಟಿರಲಿಲ್ಲ, ಕೆಡದಂತೆ ತನ್ನನ್ನು ಕಾಯ್ದುಕೊಂಡಿತ್ತು.

ಬೆಳಕನ್ನು ಬೇಡುವ, ಬಿಸಿಯನ್ನೊಲ್ಲದ ಫಲಕ

ಸೌರಫಲಕದ ಕತೆ ವಿಚಿತ್ರವಾದುದು. ಅದಕ್ಕೆ ಸೂರ್ಯನ ಬೆಳಕು ಬೇಕು, ಸೂರ್ಯನ ಬಿಸಿ ಬೇಡ. ಸಿಲಿಕಾನಿನ ಒಂದೊಂದು ಕೋಶದ ವಿದ್ಯುದೊತ್ತಡವೂ ಪ್ರತಿ ಡಿಗ್ರಿಗೆ ಸುಮಾರು ಎರಡು ಮಿಲಿವೋಲ್ಟಿನಷ್ಟು ಕುಸಿಯುತ್ತದೆ. ಒಟ್ಟಿನಲ್ಲಿ ಡಿಗ್ರಿಯೊಂದಕ್ಕೆ ಶೇಕಡಾ 0.3ರಿಂದ 0.5ರವರೆಗೆ ಶಕ್ತಿ ನಷ್ಟವಾಗುತ್ತದೆ. ಫಲಕದ ಬೆನ್ನಿನ ಮೇಲೆ ಅಚ್ಚಾಗಿರುವ ವಾಟುಗಳು ಕಾರ್ಖಾನೆಯಲ್ಲಿ 25 ಡಿಗ್ರಿಯಲ್ಲಿ ಅಳೆದವು. ಆದರೆ ಬಿಸಿಲಿಗೊಡ್ಡಿದ ಫಲಕವು ಸುತ್ತಲಿನ ಗಾಳಿಗಿಂತ ಇಪ್ಪತ್ತು ಮೂವತ್ತು ಡಿಗ್ರಿ ಹೆಚ್ಚು ಕಾದಿರುತ್ತದೆ. ಅದು 65 ಡಿಗ್ರಿಗೆ ಏರಿದರೆ, ನೂರು ವಾಟು ಎಂದು ಬರೆದ ಫಲಕದಿಂದ ಎಂಬತ್ತನಾಲ್ಕರಷ್ಟು ದೊರೆತೀತು. ಹೀಗಾಗಿ ತಂಪುಗಾಳಿ ಬೀಸುವ ನಿರ್ಮಲವಾದ ದಿನವೇ ಫಲಕಕ್ಕೆ ಸುದಿನ, ಉರಿಬೇಸಗೆಯಲ್ಲ.

ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು ಹದಿಮೂರು ಸಾವಿರ ಎಕರೆಗಳಲ್ಲಿ ಹರಡಿರುವ, 2050 ಮೆಗಾವಾಟು ಸಾಮರ್ಥ್ಯದ ಶಕ್ತಿಸ್ಥಳ ಸೌರ ಉದ್ಯಾನಕ್ಕೂ ಮಾರ್ಟಳ್ಳಿಯ ತಾರಸಿಗೂ ಈ ನಿಯಮ ಒಂದೇ. ಮನೆಯ ಮೇಲೆ ಫಲಕ ಹಾಕಿಸುವವರು ಅದನ್ನು ತಗಡಿಗೋ ಹೆಂಚಿಗೋ ಒತ್ತಿ ಮಲಗಿಸದೆ, ಕೆಳಗೆ ಗಾಳಿಯಾಡುವಷ್ಟು ತೆರಪು ಬಿಡಿಸಬೇಕು. ಧೂಳು ತೊಳೆಯುವುದಾದರೆ ಮುಂಜಾವಿನ ತಂಪಿನಲ್ಲಿ ತೊಳೆಯಬೇಕು. ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಗಾಜು ಬಿರುಕುಬಿಡುವ ಭಯವುಂಟು.

ಒಂದು ಸಮಾಧಾನವೇನೆಂದರೆ, ಸಂಜೆಯಾಗಿ ಫಲಕ ತಣಿದರೆ ಅದರ ವಿದ್ಯುದೊತ್ತಡ ಮೊದಲಿನಂತಾಗುತ್ತದೆ. ಆ ಹಗಲಿನ ಆಯಾಸ ಅದರಲ್ಲಿ ಉಳಿಯುವುದಿಲ್ಲ. ಮನುಷ್ಯನ ದೇಹಕ್ಕೆ ಈ ಭಾಗ್ಯವಿಲ್ಲ.

ಬೆವರೆಂಬ ವರ

ಹಗಲಿರಲಿ ಇರುಳಿರಲಿ, ದೇಹದ ಒಳಗಿನ ಉಷ್ಣತೆ 37 ಡಿಗ್ರಿಯ ಹತ್ತಿರದಲ್ಲಿಯೇ ನಿಲ್ಲಬೇಕು. ಸುಮ್ಮನೆ ಕುಳಿತ ಮನುಷ್ಯನೂ ಸುಮಾರು ನೂರು ವಾಟಿನಷ್ಟು ಶಾಖವನ್ನು ಉತ್ಪಾದಿಸುತ್ತಿರುತ್ತಾನೆ, ಹಿಂದಿನ ಕಾಲದ ದೊಡ್ಡ ವಿದ್ಯುದ್ದೀಪವೊಂದು ಉರಿದಂತೆ. ಗುದ್ದಲಿ ಹಿಡಿದವನಲ್ಲಿ, ಕಲ್ಲು ಒಡೆಯುವವನಲ್ಲಿ ಅದು ನಾಲ್ಕೈದು ಪಟ್ಟಾಗುತ್ತದೆ. ಈ ಶಾಖವು ಹೊರಹೋಗಲು ದಾರಿಯೇ ಇಲ್ಲವೆಂದು ಭಾವಿಸಿದರೆ, ಸುಮ್ಮನೆ ಕುಳಿತವನ ಮೈಯೂ ಗಂಟೆಗೆ ಒಂದೂವರೆ ಡಿಗ್ರಿಗೂ ಮೀರಿ ಕಾಯುತ್ತ ಹೋಗುತ್ತದೆ. ಎರಡು ಗಂಟೆಗಳಲ್ಲಿ ಪ್ರಾಣಾಪಾಯದ ಅಂಚನ್ನು ಮುಟ್ಟುತ್ತದೆ.

ತಂಪುಹೊತ್ತಿನಲ್ಲಿ ಚರ್ಮದಿಂದ ಗಾಳಿಗೆ ಶಾಖ ತಾನಾಗಿ ಹರಿದುಹೋಗುತ್ತದೆ. ಆದರೆ ಬಿಸಿಲಿನಲ್ಲಿ ಚರ್ಮದ ಉಷ್ಣತೆ 35 ಡಿಗ್ರಿಯಷ್ಟಿರುವಾಗ, ಗಾಳಿಯ ಉಷ್ಣತೆ ಅದನ್ನು ಮೀರಿತೆಂದರೆ ಶಾಖ ಹೊರಗಿನಿಂದಲೇ ಒಳಕ್ಕೆ ನುಗ್ಗುತ್ತದೆ. ಆಗ ಉಳಿಯುವ ದಾರಿ ಒಂದೇ, ಅದು ಬೆವರು. ಒಂದು ಲೀಟರು ಬೆವರು ಚರ್ಮದ ಮೇಲೆ ಆರಿದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಗಂಟೆಗೊಂದು ಲೀಟರಿನಂತೆ ಆರಿದರೆ ಅದು ಆರುನೂರು ವಾಟಿಗೂ ಹೆಚ್ಚಿನ ಶಾಖ. ಅಂಗಡಿಯಲ್ಲಿ ದೊರೆಯುವ ಯಾವ ಅಲ್ಯುಮಿನಿಯಂ ರೆಕ್ಕೆಯೂ ಸುತ್ತಲಿನ ಗಾಳಿಗಿಂತ ಕೆಳಕ್ಕೆ ತನ್ನ ಹರಳನ್ನು ತಣಿಸಲಾರದು. ಬೆವರು ಅದನ್ನು ಮಾಡಬಲ್ಲದು.

ಈ ಶಕ್ತಿಯನ್ನು ಲಂಡನ್ನಿನ ವೈದ್ಯ ಚಾರ್ಲ್ಸ್ ಬ್ಲ್ಯಾಗ್ಡನ್ 1774ರಲ್ಲಿ ತನ್ನ ಮೈಮೇಲೆಯೇ ಪರೀಕ್ಷಿಸಿದನು. ಸುಮಾರು 127 ಡಿಗ್ರಿಗೆ ಕಾಯಿಸಿದ ಒಣಗಾಳಿಯ ಕೋಣೆಯೊಳಗೆ ಅವನು ಕೆಲವು ನಿಮಿಷ ನಿಂತಿದ್ದು ಕ್ಷೇಮವಾಗಿ ಹೊರಬಂದನು. ಅಂಥ ಕಾದ ಕೋಣೆಯಲ್ಲಿಯೇ ತಟ್ಟೆಯಲ್ಲಿಟ್ಟಿದ್ದ ಮೊಟ್ಟೆಗಳು ಬೆಂದು ಗಟ್ಟಿಯಾದವು, ಮಾಂಸದ ತುಂಡು ತಿನ್ನಲು ಸಿದ್ಧವಾಯಿತು. ಜೀವಂತ ದೇಹವೂ ಮಾಂಸವೇ. ಆದರೆ ಅದಕ್ಕೆ ಬೆವರುಂಟು, ರಕ್ತಸಂಚಾರವುಂಟು. ಅಜ್ಜಿಯ ಮಾತಿಗೆ ವಿಜ್ಞಾನವು ಸೇರಿಸುವ ತಿದ್ದುಪಡಿ ಇಷ್ಟೇ: ಕಲ್ಲು ಕಾಯುತ್ತದೆ, ಮೈ ಮಾತ್ರ ತನ್ನನ್ನು ತಾನು ತಣಿಸಿಕೊಳ್ಳಬಲ್ಲದು, ಅದಕ್ಕೆ ನೀರನ್ನೂ ಗಾಳಿಯನ್ನೂ ವಿರಾಮವನ್ನೂ ಕೊಟ್ಟರೆ.

ಆದರೆ ಬೆವರು ಆರಬೇಕು. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಮೈ ತಣಿಯದು. ಮಾರ್ಟಳ್ಳಿಯ ಒಣಗಾಳಿಯಲ್ಲಿ ಬೆವರು ಬಂದದ್ದೇ ತಿಳಿಯದಂತೆ ಆರಿಹೋಗುತ್ತದೆ. ಆದಕಾರಣ ಎಷ್ಟು ನೀರು ಕಳೆದುಹೋಯಿತೆಂಬುದೂ ತಿಳಿಯದು. ಮಂಗಳೂರಿನಂಥ ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಧಾರಾಳವಾಗಿ ಸುರಿದರೂ ಆರದು. ಒಂದೆಡೆ ನೀರಿನ ನಷ್ಟ, ಇನ್ನೊಂದೆಡೆ ತಂಪಿನ ಅಭಾವ. ಥರ್ಮಾಮೀಟರಿನ ತುದಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೊಡ್ಡಿದರೆ ಅದು ತೋರಿಸುವ ಉಷ್ಣತೆಯಿಂದ ಈ ಅಪಾಯವನ್ನು ಅಳೆಯುತ್ತಾರೆ. ಅದು 35 ಡಿಗ್ರಿಯನ್ನು ಮುಟ್ಟಿದರೆ ನೆರಳಿನಲ್ಲಿ, ಗಾಳಿಯಲ್ಲಿ ಸುಮ್ಮನೆ ಕುಳಿತ ಆರೋಗ್ಯವಂತನೂ ಕೆಲವು ಗಂಟೆಗಳಿಗಿಂತ ಹೆಚ್ಚು ತಾಳಲಾರನೆಂದು 2010ರಲ್ಲಿ ವಿಜ್ಞಾನಿಗಳು ಲೆಕ್ಕಹಾಕಿದರು. 2022ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ತರುಣ ತರುಣಿಯರ ಮೇಲೆ ನಡೆದ ಪರೀಕ್ಷೆಗಳು ಆ ಎಲ್ಲೆ ಇನ್ನೂ ಕೆಳಗೆ, ತೇವದ ಗಾಳಿಯಲ್ಲಿ 31 ಡಿಗ್ರಿಯ ಆಸುಪಾಸಿನಲ್ಲಿಯೇ ಇದೆಯೆಂದು ತೋರಿಸಿದವು. ವೃದ್ಧರ ಎಲ್ಲೆ ಅದಕ್ಕಿಂತಲೂ ಕೆಳಗಿರುವುದು ಸಹಜ.

ಕಾವು ಕಾವನ್ನು ಹೆರುವಾಗ

ಟ್ರಾನ್ಸಿಸ್ಟರಿನಲ್ಲಿ ಕಂಡ ವಿಷಚಕ್ರ ದೇಹದಲ್ಲಿಯೂ ಉಂಟು. ಒಳಗಿನ ಉಷ್ಣತೆ ಒಂದು ಡಿಗ್ರಿ ಏರಿದರೆ ದೇಹದ ರಾಸಾಯನಿಕ ಕ್ರಿಯೆಗಳು ಸುಮಾರು ಶೇಕಡಾ ಹತ್ತರಷ್ಟು ಚುರುಕಾಗಿ, ಇನ್ನಷ್ಟು ಶಾಖ ಹುಟ್ಟುತ್ತದೆ. ಹೃದಯವು ರಕ್ತವನ್ನು ಚರ್ಮದ ಕಡೆಗೆ ಹೆಚ್ಚು ಹೆಚ್ಚಾಗಿ ಅಟ್ಟುತ್ತದೆ. ಬೆವರಿನಿಂದ ನೀರು ಕಳೆದು ರಕ್ತದ ಪ್ರಮಾಣವೇ ಕುಗ್ಗಿರುವಾಗ ಮಿದುಳಿಗೂ ಕರುಳಿಗೂ ಪಾಲು ಕಡಿಮೆಯಾಗುತ್ತದೆ. ತಲೆಸುತ್ತು, ಓಕರಿಕೆ, ಸ್ನಾಯುಗಳ ಸೆಳೆತ, ವಿಪರೀತ ಬಳಲಿಕೆ ಇವೆಲ್ಲ ಆ ಹಂತದ ಕುರುಹುಗಳು. ತಾತ ಕಂಬಕ್ಕೊರಗಿದ್ದು ಇಲ್ಲಿಯೇ. ನೆರಳು, ನೀರು, ವಿಶ್ರಾಂತಿ ದೊರೆತರೆ ಇಲ್ಲಿಂದ ಹಿಂದಿರುಗುವುದು ಸುಲಭ.

ಹಿಂದಿರುಗದೆ ದುಡಿಮೆ ಮುಂದುವರಿದರೆ ಒಳಗಿನ ಉಷ್ಣತೆ 40 ಡಿಗ್ರಿಯನ್ನು ದಾಟಬಹುದು. ಮಾತು ತೊದಲುತ್ತದೆ, ಗುರುತು ಸಿಗುವುದಿಲ್ಲ, ನಡೆ ತಪ್ಪುತ್ತದೆ, ಕೊನೆಗೆ ಪ್ರಜ್ಞೆ ಹೋಗುತ್ತದೆ. ಬಿಸಿಲು ಬಡಿಯಿತೆಂದು ಜನ ಹೇಳುವ, ವೈದ್ಯರು ಉಷ್ಣಾಘಾತವೆನ್ನುವ ಸ್ಥಿತಿ ಇದು. ಬೆವರು ನಿಂತುಹೋದರೆ ಮಾತ್ರ ಉಷ್ಣಾಘಾತವೆಂಬ ನಂಬಿಕೆ ಸರಿಯಲ್ಲ; ದುಡಿಯುತ್ತಿದ್ದವನಲ್ಲಿ ಬೆವರು ಹರಿಯುತ್ತಿರುವಾಗಲೂ ಅದು ಸಂಭವಿಸಬಹುದು. ಗೊಂದಲಕ್ಕೊಳಗಾದ ಮನಸ್ಸೇ ಮುಖ್ಯವಾದ ಗುರುತು.

ಇಲ್ಲಿ ಬಹುಮಂದಿ ಮಾಡುವ ತಪ್ಪೊಂದಿದೆ. ಮೈ ಸುಡುತ್ತಿದೆಯೆಂದು ಜ್ವರದ ಮಾತ್ರೆ ಕೊಡುತ್ತಾರೆ. ಜ್ವರವೇ ಬೇರೆ, ಉಷ್ಣಾಘಾತವೇ ಬೇರೆ. ಜ್ವರದಲ್ಲಿ ಮಿದುಳು ರೋಗದೊಡನೆ ಕಾದಾಡಲು ಉಷ್ಣತೆಯ ಗುರಿಯನ್ನು ತಾನೇ ಮೇಲಕ್ಕೇರಿಸಿರುತ್ತದೆ. ಮಾತ್ರೆ ಆ ಗುರಿಯನ್ನು ಕೆಳಗಿಳಿಸುತ್ತದೆ. ಉಷ್ಣಾಘಾತದಲ್ಲಿ ಗುರಿ 37ರಲ್ಲಿಯೇ ಇದೆ. ಅದನ್ನು ಕಾಯುವ ಶಕ್ತಿ ಸೋತಿದೆ. ಅಲ್ಲಿ ಮಾತ್ರೆಗೆ ಕೆಲಸವಿಲ್ಲ. ಬೇಕಾದುದು ತಂಪು, ಅದೂ ತತ್‌ಕ್ಷಣ. ರೋಗಿಯನ್ನು ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಯೆಲ್ಲಕ್ಕೂ ಧಾರಾಳವಾಗಿ ನೀರು ಸುರಿದು ಗಾಳಿ ಬೀಸಬೇಕು. ಸಾಧ್ಯವಿದ್ದರೆ ತಣ್ಣೀರಿನ ತೊಟ್ಟಿಯಲ್ಲಿ, ತಲೆ ಮೇಲಿರುವಂತೆ ಹಿಡಿದು, ಕುತ್ತಿಗೆಯವರೆಗೆ ಮುಳುಗಿಸುವುದು ಎಲ್ಲಕ್ಕಿಂತ ಉತ್ತಮ. ಅದಿಲ್ಲದಿದ್ದರೆ ಕುತ್ತಿಗೆ, ಕಂಕುಳು, ತೊಡೆಯ ಸಂದುಗಳಿಗೆ ಒದ್ದೆ ಬಟ್ಟೆ ಅಥವಾ ಮಂಜುಗಡ್ಡೆ ಇಡಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಕೂಡದು. ಅದು ಶ್ವಾಸನಾಳಕ್ಕೆ ಇಳಿದೀತು. 108ಕ್ಕೆ ಕರೆಮಾಡಬೇಕು, ಆದರೆ ವಾಹನ ಬರುವವರೆಗೆ ತಣಿಸುವುದನ್ನು ನಿಲ್ಲಿಸಬಾರದು. ಮೊದಲ ಅರ್ಧ ಗಂಟೆಯಲ್ಲಿ ಮೈ ತಣಿದವರು ಉಳಿಯುವ ಸಂಭವ ಬಹಳ ಹೆಚ್ಚು. ಹತ್ತಿರದ ಪಟ್ಟಣಕ್ಕೂ ದೂರದ ಹಾದಿಯಿರುವ ಬೆಟ್ಟದ ಸೀಮೆಯಲ್ಲಿ ಆ ಅರ್ಧ ಗಂಟೆ ಸಾಮಾನ್ಯವಾಗಿ ಮನೆಯವರ ಕೈಯಲ್ಲಿಯೇ ಕಳೆಯುತ್ತದೆ.

ಇದು ಹಳ್ಳಿಯ ಮಾತೆಂದು ಪಟ್ಟಣದವರು ಉದಾಸೀನ ಮಾಡುವಂತಿಲ್ಲ. ತಂಪಿಗೆ ಹೆಸರಾದ ಬೆಂಗಳೂರಿನಲ್ಲಿಯೇ 2016ರ ಏಪ್ರಿಲಿನಲ್ಲಿ ಉಷ್ಣತೆ 39.2 ಡಿಗ್ರಿಗೇರಿತ್ತು. ಬಿಸಿಲಿಗೆ ದೇಹ ಒಗ್ಗಲು ಒಂದೆರಡು ವಾರಗಳು ಬೇಕು. ಅಷ್ಟರಲ್ಲಿ ಬೆವರು ಬೇಗ ಬರಲು, ಹೆಚ್ಚು ಬರಲು, ಅದರಲ್ಲಿ ಉಪ್ಪು ಕಡಿಮೆ ಹೋಗಲು ದೇಹ ಕಲಿಯುತ್ತದೆ. ನಿನ್ನೆ ಬೆಂಗಳೂರಿನಿಂದ ಇಳಿದ ಮೊಮ್ಮಗನಿಗೆ, ಬಿಸಿಲಿನಲ್ಲಿಯೇ ಬೆಳೆದ ಊರಿನ ಹುಡುಗರೊಡನೆ ಇಡೀ ಮಧ್ಯಾಹ್ನ ಚೆಂಡಾಡುವ ಅರ್ಹತೆ ಇನ್ನೂ ಬಂದಿಲ್ಲವೆಂಬುದು ತಾಯಂದಿರ ನೆನಪಿನಲ್ಲಿರಬೇಕು. ವಯಸ್ಸಾದವರಿಗೆ ಬಾಯಾರಿಕೆಯೇ ಸರಿಯಾಗಿ ಆಗುವುದಿಲ್ಲ; ಕೇಳುವವರೆಗೆ ಕಾಯದೆ ಅವರ ಕೈಗೆ ಲೋಟ ಕೊಡಬೇಕು. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ಬೇಸಗೆಗೆ ಮುಂಚೆ ವೈದ್ಯರನ್ನು ಒಮ್ಮೆ ಕೇಳುವುದು ಒಳಿತು.

ದೋಷವೇ ಗುಣವಾದ ಬಗೆ

ಇಷ್ಟರವರೆಗೆ ಅರೆವಾಹಕದ ಶಾಖಭೀತಿಯನ್ನು ದೋಷವೆಂದೇ ಹೇಳಿದ್ದಾಯಿತು. ಆದರೆ ಮನೆಮನೆಯಲ್ಲಿಯೂ ಅದೇ ದೋಷವು ಇಂದು ವೈದ್ಯನ ಸಹಾಯಕನಾಗಿ ಕುಳಿತಿದೆ. ಪಾದರಸದ ವಿಷದಿಂದ ಜಗತ್ತನ್ನು ಕಾಪಾಡಲು 2013ರಲ್ಲಿ ಆದ ಮಿನಮಾಟಾ ಒಡಂಬಡಿಕೆ, ಪಾದರಸದ ಥರ್ಮಾಮೀಟರುಗಳ ತಯಾರಿಕೆಯನ್ನು ನಿಲ್ಲಿಸಲು 2020ನೆಯ ವರ್ಷವನ್ನು ಗಡುವಾಗಿ ಇಟ್ಟಿತು. ಅದರ ಸ್ಥಾನಕ್ಕೆ ಬಂದ ಅಂಕಿ ತೋರಿಸುವ ಥರ್ಮಾಮೀಟರಿನ ತುದಿಯಲ್ಲಿ ಸಾಸಿವೆಕಾಳಿಗಿಂತಲೂ ಚಿಕ್ಕದಾದ ಮಣಿಯೊಂದಿದೆ. ಮ್ಯಾಂಗನೀಸ್, ನಿಕ್ಕಲ್ ಮೊದಲಾದ ಲೋಹಗಳ ಆಕ್ಸೈಡುಗಳಿಂದ ಸುಟ್ಟು ಮಾಡಿದ ಆ ಮಣಿ ಒಂದು ಅರೆವಾಹಕ. ಒಂದು ಡಿಗ್ರಿ ಕಾವೇರಿದರೆ ಅದರ ತಡೆ ಶೇಕಡಾ ನಾಲ್ಕರಷ್ಟು ಇಳಿಯುತ್ತದೆ. ತಾಮ್ರದ ತಡೆ ಏರುವುದಕ್ಕಿಂತ ಹತ್ತು ಪಟ್ಟು ಹೆಚ್ಚಿನ ವ್ಯತ್ಯಾಸ. ಈ ಅತಿಸೂಕ್ಷ್ಮತೆಯಿಂದಲೇ ಅದು ಡಿಗ್ರಿಯ ಹತ್ತನೆಯ ಒಂದು ಭಾಗವನ್ನೂ ಅಳೆಯುತ್ತದೆ. ಫ್ಯಾರಡೆ ಬೆಳ್ಳಿಯ ಸಲ್ಫೈಡಿನಲ್ಲಿ ಕಂಡ ಸೋಜಿಗವೇ ಇಂದು ಮಗುವಿನ ನಾಲಗೆಯ ಕೆಳಗೆ ಕುಳಿತು ಜ್ವರವನ್ನು ಹೇಳುತ್ತಿದೆ. ಫೋನು ತನ್ನ ಕಾವನ್ನು ತಾನು ಅರಿಯುವುದೂ ಇಂಥದೇ ಒಂದು ಮಣಿಯಿಂದ.

ಆದರೂ ಒಂದು ಎಚ್ಚರಿಕೆ. ಬಿಸಿಲಿನಲ್ಲಿ ಬಿದ್ದವನ ಕಂಕುಳಿನ ಉಷ್ಣತೆ ಒಳಗಿನ ಉಷ್ಣತೆಗಿಂತ ಬಹಳ ಕಡಿಮೆ ತೋರಿಸಬಹುದು. ಮಾತು ತೊದಲುತ್ತಿರುವವನನ್ನು ತಣಿಸಲು ಥರ್ಮಾಮೀಟರಿನ ಅಪ್ಪಣೆಗಾಗಿ ಕಾಯಬಾರದು.

ದಣಿವೂ ಒಂದು ಎಚ್ಚರಿಕೆಯೇ. ಫೋನು ಕಾವೇರಿದಾಗ ವೇಗ ತಗ್ಗಿಸುವಂತೆ ದೇಹವೂ ಬಿಸಿಲಿನಲ್ಲಿ ಕೈಕಾಲುಗಳನ್ನು ಸೋಲಿಸಿ, ಕುಳಿತುಕೋ ಎನ್ನುತ್ತದೆ. ಅದು ಸೋಮಾರಿತನವಲ್ಲ, ರಕ್ಷಣೆ. ಫೋನು ಕೆಲಸ ನಿಲ್ಲಿಸಿದರೆ ಅದನ್ನು ಬೈಯುವವರಿಲ್ಲ, ನೆರಳಿಗೊಯ್ದು ಇಡುತ್ತಾರೆ. ಕಲ್ಲುಗಣಿಯ ಆಳು, ರಸ್ತೆಗೆ ಡಾಂಬರು ಹಾಕುವ ಹೆಂಗಸು, ನಗರದಲ್ಲಿ ಮಾಳಿಗೆಯಿಂದ ಮಾಳಿಗೆಗೆ ಇಟ್ಟಿಗೆ ಹೊರುವವನು, ಬಾಗಿಲಿಗೆ ಪೊಟ್ಟಣ ತಂದುಕೊಡುವ ಹುಡುಗ, ಇವರು ನಿಂತರೆ ಕೂಲಿ ನಿಲ್ಲುತ್ತದೆ. ಆದುದರಿಂದ ದೇಹ ಕೊಟ್ಟ ಸೂಚನೆಯನ್ನು ಅವರು ಬಲವಂತವಾಗಿ ನುಂಗಿಕೊಳ್ಳುತ್ತಾರೆ. ಯಂತ್ರಕ್ಕೆ ದೊರೆತ ಈ ರಿಯಾಯಿತಿ ಮನುಷ್ಯನಿಗೆ ದೊರೆಯದಿರುವುದು ವಿಜ್ಞಾನದ ತಪ್ಪಲ್ಲ. ಹನ್ನೆರಡರಿಂದ ಮೂರರವರೆಗಿನ ದುಡಿಮೆಯನ್ನು ಮುಂಜಾವಿಗೂ ಸಂಜೆಗೂ ಹಂಚುವುದು, ಕೆಲಸದ ಬಳಿ ನೆರಳನ್ನೂ ನೀರನ್ನೂ ಇಡುವುದು, ಮನೆಬಾಗಿಲಿಗೆ ಬಂದವನಿಗೆ ಒಂದು ತಂಬಿಗೆ ನೀರು ಕೊಡುವುದು, ಇದಕ್ಕೆ ಯಾವ ಹೊಸ ಸಂಶೋಧನೆಯೂ ಬೇಕಿಲ್ಲ.

ಮಾರ್ಟಳ್ಳಿಯ ಸೀಮೆಯ ಹಿರಿಯರು ಇದನ್ನು ಲೆಕ್ಕವಿಲ್ಲದೆಯೇ ಬಲ್ಲರು. ಹೊಲದ ಕೆಲಸ ಬೆಳಗಿನ ಜಾವಕ್ಕೆ, ನಡುಹಗಲು ಮರದಡಿಗೆ, ತಲೆಗೆ ವಸ್ತ್ರ, ಕೈಗೆ ಉಪ್ಪು ಬೆರೆತ ಮಜ್ಜಿಗೆ ಅಥವಾ ರಾಗಿಯ ಅಂಬಲಿ. ಬೆವರಿನೊಡನೆ ನೀರಷ್ಟೇ ಅಲ್ಲ, ಉಪ್ಪೂ ಹೋಗುತ್ತದೆ. ಗಂಟೆಗಟ್ಟಲೆ ಬೆವರಿದವನು ಬರಿಯ ನೀರನ್ನೇ ಹೊಟ್ಟೆತುಂಬ ಕುಡಿದರೆ ರಕ್ತದ ಉಪ್ಪು ತೆಳುವಾಗಿ ಬೇರೊಂದು ತೊಂದರೆಯಾದೀತು. ಮಜ್ಜಿಗೆಯ ಉಪ್ಪಿಗೆ ಅರ್ಥವಿದೆ. ಮೂಲೆಯಲ್ಲಿ ಕುಳಿತ ಮಣ್ಣಿನ ಮಡಕೆಯೂ ಇದೇ ಪಾಠವನ್ನು ಹೇಳುತ್ತದೆ. ಅದರ ಮೈಯಿಂದ ಜಿನುಗಿದ ನೀರು ಆರುವುದರಿಂದಲೇ ಒಳಗಿನ ನೀರು ತಣ್ಣಗಿರುತ್ತದೆ. ಮಡಕೆಯೂ ಬೆವರುತ್ತದೆ.

ಸಂಜೆ ಬೆಟ್ಟದ ಕಡೆಯಿಂದ ಗಾಳಿ ಬೀಸತೊಡಗಿದಾಗ ಹುಡುಗನ ಫೋನು ತಾನಾಗಿ ಎಚ್ಚೆತ್ತಿರುತ್ತದೆ. ತಾರಸಿಯ ಫಲಕ ತಣಿದು ನಾಳೆಗೆ ಸಿದ್ಧವಾಗಿರುತ್ತದೆ. ತಾತನೂ ಎದ್ದು ಕುಳಿತು ಮಜ್ಜಿಗೆ ಕುಡಿಯುತ್ತಿರುತ್ತಾರೆ. ಮೂವರಲ್ಲಿ ತಾವಾಗಿಯೇ ಸರಿಹೋದುವು ಎರಡು ಮಾತ್ರ. ಮೂರನೆಯವರಿಗೆ, ಹೊತ್ತು ಮೀರುವ ಮೊದಲೇ, ಒಬ್ಬರು ಮಡಕೆಯ ನೀರು ತಂದಿದ್ದರು.